ಗುರುಗ್ರಹದ ದಾರಿ ಮುಟ್ಟುವ ಬ್ರೆಡ್ಡು

ಎರ್ಮಿಂಡಾ ಅರಾಯಾ ಅಡುಗೆಮನೆಯ ಕಪ್ಪು ಪರದೆಯನ್ನು ಮೇಲಕ್ಕೆ ಸುತ್ತುತ್ತಾರೆ. ಬೆಟ್ಟದ ಮೇಲೆ ದೂರದರ್ಶಕಗಳಿರುವುದರಿಂದ ಬೆಳಗಾಗುವವರೆಗೆ ಇಲ್ಲಿಂದ ಬೆಳಕಿನ ಒಂದೆಳೆಯೂ ಹೊರಗೆ ಸೋರುವಂತಿಲ್ಲ. ಈಗ ಅಟಕಾಮ ಮರುಭೂಮಿಯ ಮೇಲೆ ನಸುಗೆಂಪು ಹರಡಿದೆ. ಭಟ್ಟಿಯಿಂದ ಎರಡು ತಟ್ಟೆ ಬ್ರೆಡ್ಡು ಇಳಿದಿದೆ. ತಿನ್ನುವವರು ಇನ್ನೂ ಬಂದಿಲ್ಲ.

ಬರುವವರಿಗೆ ಇದು ರಾತ್ರಿಯೂಟ. ಆಕಾಶ ನೋಡಿ ದಣಿದವರು ಬೆಟ್ಟ ಇಳಿದು, ಉಂಡು ಮಲಗುತ್ತಾರೆ. ಹಗಲು ಪಾಳಿಯವರು ತಿಂಡಿಗೆ ಬರುವಷ್ಟರಲ್ಲಿ ಎರ್ಮಿಂಡಾ ಕೋಣೆ ಸೇರಿರುತ್ತಾರೆ. "ಇಲ್ಲಿ ಎಲ್ಲರ ಹಸಿವೂ ಗೊತ್ತು ನನಗೆ. ಅರ್ಧ ಜನರ ಮುಖ ಗೊತ್ತಿಲ್ಲ," ಎನ್ನುತ್ತಾರೆ.

ಈ ತಿಂಗಳ ಕೊನೆಗೆ ಭಟ್ಟಿ ಆರಲಿದೆ. ವಿಜ್ಞಾನಿಗಳು ಹೆಚ್ಚಾಗಿ ತಮ್ಮ ತಮ್ಮ ಊರಿನಲ್ಲೇ ಕುಳಿತು ದೂರದರ್ಶಕ ನಡೆಸುತ್ತಿದ್ದಾರೆ. ಮೊದಲು ನಲವತ್ತು ಜನ ಉಣ್ಣುತ್ತಿದ್ದ ಬೆಳಗಿನ ಪಂಕ್ತಿಯಲ್ಲಿ ಈಗ ಹನ್ನೊಂದು ಮಂದಿ. ಇನ್ನು ಮುಂದೆ ಪೇಟೆಯಿಂದ ಮಂಜುಗಟ್ಟಿದ ಬ್ರೆಡ್ಡು ಬರುತ್ತದೆ. ಅದನ್ನು ಬಿಸಿ ಮಾಡಿ ಬಡಿಸುವ ಕೆಲಸವನ್ನು ಎರ್ಮಿಂಡಾಗೆ ಉಳಿಸಿದ್ದಾರೆ.

ಅವರು ಕರಾವಳಿಯ ತಾಲ್ತಾಲ್ ಊರಿನವರು. ಅಪ್ಪನ ಬೇಕರಿ ಮುಚ್ಚಿದ ವರ್ಷ ಬೆಟ್ಟ ಹತ್ತಿದರು. ಆಮೇಲೆ ಹತ್ತೊಂಬತ್ತು ವರ್ಷ ಕಳೆದಿದೆ. ಎಂಟು ದಿನ ಮೇಲೆ ಕೆಲಸ, ಆರು ದಿನ ಕೆಳಗೆ ರಜೆ. "ಮನೆಗೆ ಹೋದರೂ ಹಗಲೇ ನಿದ್ದೆ ಬರುತ್ತೆ. ಪಕ್ಕದ ಮನೆಯವರು ಬಾಗಿಲು ತಟ್ಟೋದನ್ನೇ ಬಿಟ್ಟಿದ್ದಾರೆ." ಮೊದಲ ವಾರ ಅಪ್ಪನ ಅಳತೆಯಲ್ಲೇ ಹಿಟ್ಟು ಕಲಸಿದ್ದರಂತೆ. ಬೆಟ್ಟದ ತೆಳು ಗಾಳಿಗೆ ಅದು ಬೇಗ ಉಬ್ಬಿ, ಭಟ್ಟಿಯಲ್ಲಿ ನಡು ಕುಸಿದು ಕೂತಿತು.

ಮೂರು ವರ್ಷದ ಹಿಂದೆ ಹೊಸ ಈಸ್ಟ್ ಕೈಕೊಟ್ಟಾಗಲೂ ಹಾಗೇ ಆಯಿತು. ರಾತ್ರಿ ಪಾಳಿಯ ಖಗೋಳ ವಿಜ್ಞಾನಿ ನಹುವೇಲ್ ಪೈನೆಮಾಲ್ ಆ ಬ್ರೆಡ್ಡನ್ನು ಮೇಜಿಗೆ ಬಡಿದು ನೋಡಿದರು.

"ಚಿಕ್ಕಮ್ಮ, ಇದು ಇನ್ನೊಂಚೂರು ಗಟ್ಟಿಯಾಗಿದ್ರೆ ಕಪ್ಪುಕುಳಿ ಆಗಿಬಿಡ್ತಿತ್ತು!"

"ಎಷ್ಟು ಗಟ್ಟಿ ಬೇಕು ಹೇಳೋ, ನಾದಿಬಿಡ್ತೀನಿ."

ನಹುವೇಲ್ ಲೆಕ್ಕ ಹೇಳಿದರು. ಬೆಳಕೂ ತಪ್ಪಿಸಿಕೊಳ್ಳಲಾಗದ ಆ ಕುಳಿ ಆಗಬೇಕಾದರೆ ಇಡೀ ಭೂಮಿಯನ್ನು ಅಮುಕಿ ಒಂದು ಗೋಲಿಯಷ್ಟು ಮಾಡಬೇಕು. ಸೂರ್ಯನನ್ನಾದರೆ ಆರು ಕಿಲೋಮೀಟರ್ ಅಗಲದ ಉಂಡೆ ಮಾಡಬೇಕು.

"ನನ್ನ ತೋಳಿಗೆ ಆಗೋ ಕೆಲಸ ಅಲ್ಲ ಬಿಡು," ಎಂದರು ಎರ್ಮಿಂಡಾ.

ಮರುದಿನ ನಹುವೇಲ್ ಊಟಕ್ಕೆ ಕೂರುವ ಮೊದಲೇ ಶುರು ಮಾಡಿದರು. "ನಾದೋದೇ ಬೇಡ ಚಿಕ್ಕಮ್ಮ. ನಿಮ್ಮ ಹಗುರ ಬ್ರೆಡ್ಡೇ ಸಾಕು. ದೊಡ್ಡದು ಮಾಡಬೇಕು ಅಷ್ಟೇ."

"ಎಷ್ಟು ದೊಡ್ಡದು?"

"ನಡು ಸೂರ್ಯನ ಜಾಗದಲ್ಲಿಟ್ರೆ, ಅಂಚು ಗುರುಗ್ರಹ ಸುತ್ತೋ ದಾರಿಗೆ ತಾಗಬೇಕು."

"ಅಷ್ಟಕ್ಕೆ ಈಸ್ಟ್ ಯಾರು ಕೊಡ್ತಾರೋ, ನಿಮ್ಮಪ್ಪನಾ?"

ಲೆಕ್ಕ ತಮಾಷೆಯದಲ್ಲ. ದ್ರವ್ಯರಾಶಿ ಎರಡು ಪಟ್ಟಾದರೆ ಬೇಕಾದ ಸಾಂದ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ. ಹದಿಮೂರೂವರೆ ಕೋಟಿ ಸೂರ್ಯರಷ್ಟು ವಸ್ತು ಸೇರಿದರೆ ಸರಾಸರಿಗೆ ನೀರಿನ ಸಾಂದ್ರತೆ ಸಾಕು. ಅದರ ಎರಡು ಪಟ್ಟು ಸೇರಿದರೆ ಹಗುರ ಬ್ರೆಡ್ಡಿನ ಸಾಂದ್ರತೆಯೇ ಸಾಕು. ಅಷ್ಟು ವಸ್ತು ಹಾಗೇ ನಿಲ್ಲುವುದಿಲ್ಲ, ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಹೊರಗಿನಿಂದ ಯಾರೂ ಒತ್ತಬೇಕಿಲ್ಲ.

ಎರ್ಮಿಂಡಾಗೆ ಹಿಡಿಸಿದ್ದು ಆ ಕೊನೆಯ ಮಾತು. "ನಾನು ಒತ್ತಡ ಬೇಕು ಅಂದ್ಕೊಂಡಿದ್ದೆ. ಬೇಕಾಗಿದ್ದು ಒಂದೇ ಕಡೆ ಸೇರೋದು," ಎನ್ನುತ್ತಾ ಮೇಜು ಒರೆಸುತ್ತಾರೆ. ಈಗ ಬಂದು ಕೂತ ಹನ್ನೊಂದು ಜನರ ನಡುವೆ ಒಂದೊಂದು ಕುರ್ಚಿ ಖಾಲಿ.

ಭಟ್ಟಿ ಆರುವ ಮುಂಚೆ ಅವರು ಮೇಲ್ವಿಚಾರಕರನ್ನು ಕೇಳಿದ್ದು ಒಂದೇ. ಕೊನೆಯ ದಿನ ಸಂಜೆ ಬೇಯಿಸಲು ಬಿಡಬೇಕು. ಹಗಲಿನವರು ಕೆಲಸ ಮುಗಿಸಿರುವ, ರಾತ್ರಿಯವರು ಇನ್ನೂ ಬೆಟ್ಟ ಹತ್ತದ ಹೊತ್ತಿಗೆ. ಮಂಗಳವಾರ ಒಪ್ಪಿಗೆ ಸಿಕ್ಕಿದೆ. ಯಾರು ಬರುತ್ತಾರೋ ಗೊತ್ತಿಲ್ಲ. ರಾತ್ರಿಯವರು ಒಂದು ಗಂಟೆ ನಿದ್ದೆ ಬಿಡಬೇಕಾಗುತ್ತದೆ.

"ನಾನು ಬರ್ತೀನಿ," ಎನ್ನುತ್ತಾರೆ ನಹುವೇಲ್, ಆಕಳಿಸುತ್ತಾ. "ಏನಾದ್ರೂ ತರಲಾ?"

"ಏನೂ ಬೇಡ. ನಿನ್ನ ಪಕ್ಕ ನನಗೊಂದು ಜಾಗ ಹಿಡಿದಿರು," ಎನ್ನುತ್ತಾರೆ ಎರ್ಮಿಂಡಾ. "ಈ ಊಟದ ಮನೆಯಲ್ಲಿ ನಾನು ಇನ್ನೂ ಯಾರ ಜೊತೆಗೂ ಕೂತು ತಿಂದಿಲ್ಲ ಕಣೋ."