ಗಾಡಿ ಹೊರಗಿನವರ ಕಾಗದ

ಅವರ ಬಲಗೈ ಹೆಬ್ಬೆರಳು ಯಾವಾಗಲೂ ನೀಲಿಯಾಗಿರುತ್ತಿತ್ತು. ಸ್ಟ್ಯಾಂಪ್ ಪ್ಯಾಡಿನ ಶಾಯಿ ಉಗುರಿನ ಸಂದಿಗೆ, ಬೆರಳಿನ ಗೆರೆಗಳಿಗೆ ಇಳಿದು ಎಷ್ಟು ತಿಕ್ಕಿದರೂ ಹೋಗದಷ್ಟು ಹಳತಾಗಿತ್ತು. ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಜೋಳದ ರೊಟ್ಟಿ ಮುರಿಯುವ ಆ ನೀಲಿ ಬೆರಳನ್ನು ಕಂಡು ಚಿಕ್ಕವಳಿದ್ದಾಗ ನಾನು ಮುಖ ಕಿವುಚುತ್ತಿದ್ದೆ. ಅವರು ಓದುಬರಹ ಬಲ್ಲವರು, ಮುತ್ತು ಪೋಣಿಸಿದಂಥ ಅಕ್ಷರ. ಹೆಬ್ಬೆಟ್ಟು ಒತ್ತುವ ಗರಜು ಅವರಿಗೇನೂ ಇರಲಿಲ್ಲ. ಆದರೆ ಎಮ್ಮೆಗೋ ಎತ್ತಿಗೋ ವಿಮೆ ಮಾಡಿಸಲು ಬಂದ ರೈತ ಹೆಬ್ಬೆಟ್ಟು ಒತ್ತಲು ನಾಚಿ ಕೈ ಹಿಂದೆಳೆದರೆ, ಇವರು ಮೊದಲು ತಮ್ಮ ಬೆರಳನ್ನೇ ಪ್ಯಾಡಿಗೆ ಅದ್ದಿ ರದ್ದಿ ಹಾಳೆಯ ಮೇಲೆ ಒತ್ತಿ ತೋರಿಸುತ್ತಿದ್ದರು. "ನೋಡ್ರಿ, ನಂದೂ ಇಷ್ಟ ಅದ. ಈಗ ನಿಮ್ಮದು ಒತ್ರಿ," ಎನ್ನುತ್ತಿದ್ದರು. ದಿನಕ್ಕೆ ಹತ್ತು ಸಲ ಹೀಗೆ ಮಾಡಿದರೆ ಬೆರಳು ಇನ್ನೇನಾಗಬೇಕು!

ಅಫಜಲಪುರದ ಮಂದಿಗೆಲ್ಲ ಅವರು ವಿಮಾ ಏಜೆಂಟರು. ನನಗೆ ಕಾಕಾ. ರಕ್ತಸಂಬಂಧವೇನಲ್ಲ, ಅಪ್ಪನ ಗೆಳೆಯರು. ಅವರ ಊರು ಅತನೂರ. ಬೆಳಗಿನ ಬಸ್ಸಿನ ತಲೆಯ ಮೇಲೆ ಸೈಕಲ್ ಏರಿಸಿಕೊಂಡು ಬರುವುದು, ಇಲ್ಲಿ ಇಳಿಸಿಕೊಂಡು ದಿನವಿಡೀ ತಿರುಗುವುದು, ಸಂಜೆ ಮತ್ತೆ ಏರಿಸಿಕೊಂಡು ಹೋಗುವುದು. ಹಣೆಯ ಮೇಲೆ ಮೂರು ಬೆರಳ ವಿಭೂತಿ, ಹೆಗಲಿಗೆ ಖಾಕಿ ಚೀಲ. ಚೀಲದಲ್ಲಿ ವಿಮೆ ಮಾಡಿಸಿದ ದನಗಳ ಕಿವಿಗೆ ಹಾಕುವ ಬಿಲ್ಲೆಗಳು ಗಲಗಲ ಎನ್ನುತ್ತಿದ್ದವು. ಊರಿನ ಅರ್ಧ ಗಾಡಿಗಳಿಗೆ ವಿಮೆ ಮಾಡಿಸಿದ ಈ ಮನುಷ್ಯನಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಅಷ್ಟೇ ಅಲ್ಲ, ಕಾರಿನಲ್ಲಿ ಕೂತರೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಕೊರಳಲ್ಲಿನ ಲಿಂಗ ಹಿಡಿದುಕೊಳ್ಳುತ್ತಿದ್ದರು.

ಎಂಬತ್ತರ ದಶಕದ ಕೊನೆಯ ಮಾತಿದು. ನನ್ನ ಅಪ್ಪ ಡಾಕ್ಟರು. ಭೀಮಾ ದಂಡೆಯ ಹಳ್ಳಿಗಳಿಗೆ, ಸೊನ್ನದ ತನಕ, ಮೋಟರ್ ಸೈಕಲ್ ಮೇಲೆ ಹೋಗಿ ರೋಗಿಗಳನ್ನು ನೋಡಿ ಬರುತ್ತಿದ್ದವರಿಗೆ ಒಂದು ದಿನ ಪಾರ್ಶ್ವವಾಯು ಹೊಡೆಯಿತು. ಮಾತು ಉಳಿಯಿತು, ಬುದ್ಧಿ ಉಳಿಯಿತು, ಬಲಗೈ ಬಲಗಾಲು ಮಾತ್ರ ಸೋತವು. ರೋಗಿಗಳು ಕರೆಯುವುದನ್ನು ಬಿಡಲಿಲ್ಲ. ಬಾಡಿಗೆ ಕಾರಿಗೆ ಇಟ್ಟುಕೊಂಡ ಇಬ್ಬರು ಡ್ರೈವರರಲ್ಲಿ ಒಬ್ಬ ಕುಡಿಯುತ್ತಿದ್ದ, ಇನ್ನೊಬ್ಬ ಹೇಳದೆ ಕೇಳದೆ ಸೊಲ್ಲಾಪುರಕ್ಕೆ ಹೋದ. ನಾನು ದೊಡ್ಡಪ್ಪನ ಹೊಲದಲ್ಲಿ ಹಟ ಹಿಡಿದು ಟ್ರ್ಯಾಕ್ಟರ್ ಕಲಿತಿದ್ದ ಹುಡುಗಿ. ಹದಿನೆಂಟು ತುಂಬಿದ್ದೇ ಗುಲಬರ್ಗಾಕ್ಕೆ ಹೋಗಿ ಕಾರಿನ ಲೈಸನ್ಸ್ ತಂದೆ. ಬಾಡಿಗೆ ಕಾರು ಸಾಕು, ನಮ್ಮದೇ ಒಂದು ಹಳೆಯ ಕಾರು ಕೊಳ್ಳೋಣ, ಮಗಳೇ ಓಡಿಸಲಿ ಎಂದು ಅಪ್ಪ ತೀರ್ಮಾನಿಸಿದಾಗ ಊರು ನಕ್ಕಿತು. ಕಾಕಾ ನಗಲಿಲ್ಲ, ಕಾರು ನೋಡಲು ತಾವೂ ಬರುವುದಾಗಿ ಹೇಳಿದರು.

ಆಳಂದದ ವ್ಯಾಪಾರಿಯೊಬ್ಬರ ಬಿಳಿ ಅಂಬಾಸಿಡರ್ ನೋಡಿದ ಕೂಡಲೇ ನಾನು ಸೋತೆ. ಹಾಲಿನಂಥ ಬಣ್ಣ, ಹೊಸ ಸೀಟು, ಹಿಂದಿನ ಗಾಜಿಗೆ ಪರದೆ. ಕಾಕಾ ಬಾನೆಟ್ ಕೂಡ ತೆರೆಯಿಸಲಿಲ್ಲ. ಡ್ರೈವರ್ ಕಡೆಯ ಬಾಗಿಲು ತೆಗೆದು, ಧೋತರ ಮೇಲೆತ್ತಿ, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಬ್ರೇಕಿನ ಪೆಡಲನ್ನು ನೀಲಿ ಬೆರಳಿನಿಂದ ಸವರಿದರು. ಆಮೇಲೆ ಎದ್ದು ಹಾರ್ನನ್ನು ಸವರಿದರು. ಮಾಲಕರಿಗೆ ಶರಣು ಮಾಡಿ ಹೊರಟೇಬಿಟ್ಟರು. ಬಸ್ ಸ್ಟ್ಯಾಂಡಿನಲ್ಲಿ ನಾನು ಜಗಳಕ್ಕೆ ನಿಂತೆ.

"ಬ್ರೇಕಿನ ಪೆಡಲ್ ರಬ್ಬರ್ ಹೊಸಾದು ಇದ್ದಂಗ ಅದ, ಹಾರ್ನ್ ಸವದು ನುಣ್ಣಗ ಆಗ್ಯಾದ," ಎಂದರು. "ಅಂದ್ರ ಆ ಗಾಡಿ ಮಂದಿಗೆ ಸರೀರಿ ಸರೀರಿ ಅಂತ ಒದರಕೋತ ಓಡ್ಯಾದ. ತಾ ಎಂದೂ ನಿಂತಿಲ್ಲ. ಅಂಥಾ ಗಾಡಿ ನಮಗ ಬ್ಯಾಡ ತಂಗಿ."

ಜೇವರ್ಗಿಯಲ್ಲಿ ನಿವೃತ್ತ ಮಾಸ್ತರರೊಬ್ಬರ ಬೂದು ಬಣ್ಣದ ಅಂಬಾಸಿಡರ್ ಸಿಕ್ಕಿತು. ಬಾಗಿಲ ಕೆಳಗೆಲ್ಲ ತುಕ್ಕು, ಸೀಟಿನಿಂದ ನಾರು ಹೊರಗೆ ಬಂದಿತ್ತು. ಬ್ರೇಕಿನ ರಬ್ಬರ್ ಸವೆದು ಒಳಗಿನ ಕಬ್ಬಿಣ ಹೊಳೆಯುತ್ತಿತ್ತು. ಕಾಕಾ ಅದನ್ನು ಕಂಡು ಹೆಣ್ಣು ನೋಡಲು ಬಂದವರು ಒಪ್ಪಿಗೆಯಾದಾಗ ನಗುವ ಹಾಗೆ ನಕ್ಕರು. ಅಪ್ಪನಿಗೂ ಇಂಜಿನ್ ಸದ್ದು ಹಿಡಿಸಿತು. ನಾನು ಜೇವರ್ಗಿಯಿಂದ ಮನೆಯವರೆಗೆ ಮುಖ ಊದಿಸಿಕೊಂಡೇ ಅದನ್ನು ಓಡಿಸಿಕೊಂಡು ಬರುತ್ತೇನೆಂದುಕೊಂಡಿದ್ದೆ. ಅದಕ್ಕೂ ಕಾಕಾ ಬಿಡಲಿಲ್ಲ. ನಮ್ಮ ಹೆಸರಿನಲ್ಲಿ ವಿಮೆಯ ಕಾಗದ ಆಗುವ ತನಕ ನೀನು ಸ್ಟೇರಿಂಗ್ ಮುಟ್ಟಬಾರದು ಎಂದರು. ಮಾಸ್ತರರ ಮಗನೇ ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿ ಹೋದ.

ಪೂಜೆಯ ದಿನ ಅವ್ವ ನಾಲ್ಕು ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತಿದ್ದಾಗಲೇ ಕಾಕಾ ಚೀಲ ತೆರೆದು ಫಾರ್ಮು ಹರಡಿದರು. ಅವ್ವನಿಗೆ ಸಿಟ್ಟು ಬಂತು.

"ಇವತ್ತ ಪೂಜಿ ಅದ. ಇಂಥಾ ದಿನಾನೂ ಅಪಘಾತದ ಮಾತ್ಯಾಕ್ರಿ?"

"ನಿಂಬಿಹಣ್ಣು ಗಾಡಿ ಒಳಗಿನವರ ಸಲುವಾಗಿ ಇಡ್ರಿ ವೈನಿ," ಎಂದರು ಕಾಕಾ. "ನನ್ನ ಕಾಗದ ಗಾಡಿ ಹೊರಗಿನವರ ಸಲುವಾಗಿ. ದಾರ್ಯಾಗ ನಡಕೋತ ಹೋಗತಾರಲ್ಲ, ಅವರಿಗೆ ನಿಂಬಿಹಣ್ಣು ಯಾರು ಇಡಬೇಕು? ಎರಡೂ ಇರ್ಲಿ."

ಫಾರ್ಮಿನಲ್ಲಿ ಒಂದು ಪ್ರಶ್ನೆಯಿತ್ತು: ಗಾಡಿಯನ್ನು ಓಡಿಸುವವರು ಯಾರು? ದೊಡ್ಡಪ್ಪ ಅಲ್ಲೇ ಕುರ್ಚಿಯ ಮೇಲೆ ಕೂತಿದ್ದರು. ನೂರು ಎಕರೆಯ ಯಜಮಾನರು, ಅವರ ಮಾತೆಂದರೆ ಮನೆಯಲ್ಲಿ ಕೊನೆಯ ಮಾತು. "ನನ್ನ ತಮ್ಮನ ಹೆಸರು ಬರೀರಿ. ಹೆಣ್ಣುಹುಡುಗಿ ಹೆಸರು ಇಂಥಾ ಕಾಗದದಾಗ ಯಾಕ ಬೇಕು? ಎಮ್ಮಿಗೆ ಬಿಲ್ಲಿ ಹೊಡದಂಗ ಆಕಿಗೂ ಹೊಡೀತೀರೇನು?" ಎಂದರು. ಎಲ್ಲರೂ ನಕ್ಕರು. ಕಾಕಾ ಪೆನ್ನಿನ ಟೊಪ್ಪಿಗೆ ಹಾಕಿ, ಬಸಿಯಲ್ಲಿ ಚಹಾ ಸುರಿದುಕೊಂಡು ನಿಧಾನವಾಗಿ ಕುಡಿದರು. ಕುಡಿದು ಮುಗಿಸಿ ನನ್ನ ಕಡೆ ತಿರುಗಿದರು.

"ತಂಗಿ, ಗಾಡಿ ಯಾರು ಓಡಸ್ತಾರ?"

"ನಾನ್ರಿ ಕಾಕಾ."

"ಕೇಳಲಿಲ್ಲ."

"ನಾನ ಓಡಸ್ತೇನ್ರಿ!"

ಆಗ ಟೊಪ್ಪಿಗೆ ತೆಗೆದು, ಮುತ್ತಿನಂಥ ಅಕ್ಷರದಲ್ಲಿ ನನ್ನ ಹೆಸರು, ವಯಸ್ಸು ಬರೆದರು. ಲೈಸನ್ಸ್ ಬಿಟ್ಟರೆ, ಮದುವೆಯ ಕರೆಯೋಲೆಗಿಂತ ಮೊದಲು ನನ್ನ ಹೆಸರು ಸೇರಿದ ದೊಡ್ಡವರ ಕಾಗದವೆಂದರೆ ಅದೇ.

ನಾಲ್ಕು ತಿಂಗಳು ಚೆನ್ನಾಗಿ ನಡೆಯಿತು. ಅಪ್ಪ ಪಕ್ಕದಲ್ಲಿ, ಔಷಧಿ ಪೆಟ್ಟಿಗೆ ಹಿಂದೆ. ಹಳ್ಳಿಗಳಲ್ಲಿ ಮಕ್ಕಳು ಕಾರಿಗಿಂತ ನನ್ನನ್ನೇ ಹೆಚ್ಚು ನೋಡುತ್ತಿದ್ದವು. ನನಗೂ ಕೋಡು ಮೂಡಿತ್ತು. ಒಂದು ಇಳಿಹೊತ್ತು ಅತನೂರಿನ ಕಡೆಯಿಂದ ಬರುತ್ತಿದ್ದೆವು. ಎದುರಿನ ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಆ ಧೂಳಿನಲ್ಲಿ ತಲೆಯ ಮೇಲೆ ಒಣ ಜೋಳದ ದಂಟಿನ, ಕಣಿಕಿಯ ಹೊರೆ ಹೊತ್ತ ಹೆಣ್ಣುಮಗಳೊಬ್ಬಳು ರಸ್ತೆಯ ಅಂಚಿನಲ್ಲಿದ್ದಳು. ಹೊರೆ ಕಣ್ಣಿಗೆ ಅಡ್ಡವಾಗಿ ಆಕೆಗೆ ಪಕ್ಕದ್ದೇನೂ ಕಾಣುತ್ತಿರಲಿಲ್ಲ. ನಾನು ಹಾರ್ನ್ ಒತ್ತಿದೆ. ಗಾಬರಿಯಾಗಿ ಆಕೆ ಸರಿಯುವ ಬದಲು ಒಳಗೇ ಬಂದಳು. ಆಮೇಲೆ ಬ್ರೇಕ್ ಒತ್ತಿದೆ. ಬಂಪರು ಆಕೆಯ ಎಡಗಾಲಿಗೆ ಬಡಿಯಿತು.

ಅಪ್ಪ ಎಡಗೈಯಲ್ಲಿ ತೋರಿಸಿಕೊಟ್ಟಂತೆ, ಆಕೆಯದೇ ಹೊರೆಯ ದಂಟುಗಳನ್ನು ಕಾಲಿನ ಎರಡೂ ಬದಿಗಿಟ್ಟು ನನ್ನ ಓಢಣಿಯಿಂದ ಕಟ್ಟಿದೆ. ಆಕೆ ನನ್ನ ಮುಖವನ್ನೇ ನೋಡುತ್ತ ನರಳುತ್ತಿದ್ದಳು. ಅದೇ ಕಾರಿನಲ್ಲಿ ದವಾಖಾನೆಗೆ ತಂದೆವು. ಮೂಳೆ ಎರಡು ಕಡೆ ಮುರಿದಿತ್ತು. ಗಂಡ ಇಲ್ಲದವಳು, ಕೂಲಿ ಮಾಡಿ ಇಬ್ಬರು ಮಕ್ಕಳನ್ನು ಸಾಕುವವಳು ಎಂದು ಅಲ್ಲಿ ತಿಳಿಯಿತು.

ಸಂಜೆ ದೊಡ್ಡಪ್ಪ ಬಂದರು. ಆಗ ಮಾದನಹಿಪ್ಪರಗಾದ ಒಂದು ಮನೆತನದಿಂದ ನನಗೆ ಸಂಬಂಧ ಬಂದಿತ್ತು, ಮುಂದಿನ ವಾರ ಅವರು ಮಾತಿಗೆ ಬರುವವರಿದ್ದರು. "ಮುಂಜಾನಿ ನನ್ನ ಟ್ರ್ಯಾಕ್ಟರ್ ಡ್ರೈವರ್ ಠಾಣಾಕ ಹೋಗಿ ತಾನ ಓಡಸ್ತಿದ್ದೆ ಅಂತಾನ. ಆಕಿಗೂ ಏನರ ಕೊಟ್ಟು ಹೇಳೂಣು. ಹುಡುಗಿ ಹೆಸರು ಮಾತ್ರ ಬರಬಾರದು," ಎಂದರು. ನಮ್ಮ ಕಡೆ ಇದೇನು ಹೊಸದಲ್ಲ. ಯಜಮಾನರು ಗಾಡಿ ಗುದ್ದಿದರೆ ಆಳು ಮುಂದೆ ಹೋಗಿ ನಿಲ್ಲುವುದು ವಾಡಿಕೆ. ಅಪ್ಪ ತಲೆ ಬಗ್ಗಿಸಿದರು. ಸುಳ್ಳೇಕೆ ಹೇಳಲಿ, ನನಗೆ ಹೋದ ಜೀವ ಬಂದಂತಾಯಿತು.

ಮರುದಿನ ಬೆಳಗಿನ ಬಸ್ಸಿಗೇ ಕಾಕಾ ಬಂದರು. ಪೆಟ್ಟಾದಾಕೆ ಅವರೂರಿನ ಪಕ್ಕದ ಹಳ್ಳಿಯ ಹೆಣ್ಣುಮಗಳು, ಸುದ್ದಿ ಮೊದಲೇ ಮುಟ್ಟಿತ್ತು. ದೊಡ್ಡಪ್ಪನ ಏರ್ಪಾಡು ಕೇಳಿ ಚೀಲವನ್ನು ಕೆಳಗಿಟ್ಟರು.

"ಆ ಹುಡುಗನ ಹಂತ್ಯಾಕ ಇರೂದು ಟ್ರ್ಯಾಕ್ಟರ್ ಲೈಸನ್ಸ್. ಅಂವ ಕಾರ್ ಓಡಿಸ್ಯಾನ ಅಂತ ಬರದ್ರ ಕಂಪನಿ ಕೈ ಝಾಡಿಸಿಬಿಡತದ. ಆಕಿಗೆ ದಮ್ಮಡಿ ಬರಂಗಿಲ್ಲ. ಈ ಕಾಗದ ಯಾರ ಸಲುವಾಗಿ ಮಾಡಿಸಿದ್ವಿ ಸಾಹೇಬ್ರ? ಆಕೀ ಸಲುವಾಗೇ. ಅವತ್ತ ಆಕಿ ಯಾರು ಅಂತ ಗೊತ್ತಿರಲಿಲ್ಲ, ಇವತ್ತ ಗೊತ್ತಾತು, ಅಷ್ಟ."

"ನಮ್ಮ ಹುಡುಗಿ ಬಾಳೇವು ಏನಾಗಬೇಕು?" ದೊಡ್ಡಪ್ಪನ ದನಿ ಏರಿತು.

ಕಾಕಾ ನನ್ನ ಕಡೆ ತಿರುಗಿದರು. ಮತ್ತೆ ಕೇಳಿದರು: "ತಂಗಿ, ಗಾಡಿ ಯಾರು ಓಡಸ್ತಿದ್ರು?"

ನನಗೆ ಮೈಯೆಲ್ಲ ಉರಿಯಿತು. "ನಿಮಗೇನ್ರಿ ಕಾಕಾ, ನಿಮ್ಮ ಕಾಗದ ಸರಿ ಇದ್ರ ಸಾಕು. ಹೊಲಸಾಗೂದು ನನ್ನ ಹೆಸರು!" ಎಂದುಬಿಟ್ಟೆ. ಹಿರಿಯರಿಗೆ ಹಾಗೆ ಎದುರು ಆಡಿದ್ದು ಅದೇ ಮೊದಲು.

ಅವರು ಸಿಟ್ಟಾಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಖರೇನ ಆಗತದ ತಂಗಿ. ಒಂದೆರಡು ವರ್ಷ ಮಂದಿ ಅಂತಾರ. ಆಕಿ ಕಾಲು ಮಾತ್ರ ಜಲ್ಮ ಪೂರ್ತಿ ಹಂಗ ಇರತದ," ಎಂದರು.

ನಾನು ಚಪ್ಪಲಿ ಮೆಟ್ಟಿಕೊಂಡೆ. ಅಪ್ಪ ಗೋಡೆ ಹಿಡಿದು ಎದ್ದು ನನ್ನ ಜೊತೆ ಠಾಣೆಗೆ ಹೊರಟರು. ಕಾಕಾ ಸೈಕಲ್ ತಳ್ಳಿಕೊಂಡು ಅಪ್ಪನ ನಡಿಗೆಗೆ ತಕ್ಕಂತೆ ನಡೆದರು. ದಾರಿಯಲ್ಲಿ ನಾನು ಯಾರಿಗೂ ಹೇಳದಿದ್ದ ಮಾತು ಅವರಿಗೆ ಹೇಳಿದೆ. ಮೊದಲು ಹಾರ್ನ್ ಒತ್ತಿದೆ ಕಾಕಾ, ಬ್ರೇಕ್ ಆಮೇಲೆ ಒತ್ತಿದೆ ಎಂದೆ. ಸೈಕಲ್ ನಿಂತಿತು. ಅವರ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ. "ಅದನ್ನೂ ಹೇಳು," ಎಂದರು.

ಠಾಣೆಯಲ್ಲಿ ಎಲ್ಲ ಹೇಳಿದೆ. ಬರೆದುಕೊಳ್ಳುತ್ತಿದ್ದವರು ಎರಡು ಸಲ ತಲೆಯೆತ್ತಿ ಅಪ್ಪನ ಮುಖ ನೋಡಿದರು. ಕಾಕಾ ಹೊರಗಿನ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತಿದ್ದರು. ಆ ದಿನ ಅವರ ಮಿಕ್ಕ ಕೆಲಸವೆಲ್ಲ ಹಾಳಾಯಿತು. ಮುಂದೆ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದೆ. ಮಾದನಹಿಪ್ಪರಗಾದವರು ಬರಲಿಲ್ಲ. ಠಾಣೆಯ ಮೆಟ್ಟಿಲು ಹತ್ತಿದ ಹುಡುಗಿ ಎಂಬ ಮಾತು ಕಾಕಾ ಹೇಳಿದಂತೆ ಒಂದೆರಡು ವರ್ಷವಲ್ಲ, ನಾಲ್ಕು ವರ್ಷ ನನ್ನ ಬೆನ್ನಿಗಿತ್ತು. ಆ ಲೆಕ್ಕ ಒಂದು ಅವರಿಗೆ ತಪ್ಪಿತು. ಆಮೇಲೆ ಆ ಮಾತು ಗೊತ್ತಿದ್ದೇ ಬಂದು ಕೇಳಿದವರನ್ನು ಮದುವೆಯಾದೆ, ನೆಟ್ಟಗಿದ್ದೇನೆ.

ಆ ಹೆಣ್ಣುಮಗಳ ಪರಿಹಾರದ ಅರ್ಜಿಯನ್ನು ಹೊತ್ತು ಕಾಕಾ ಗುಲಬರ್ಗಾಕ್ಕೆ ಎಷ್ಟು ಸಲ ತಿರುಗಿದರೋ. ಏಜೆಂಟರೇ, ನೀವು ಕಂಪನಿ ಕಡೆಯವರೋ ಆಕೆಯ ಕಡೆಯವರೋ ಎಂದು ಆಫೀಸಿನಲ್ಲಿ ಹಂಗಿಸಿದರಂತೆ. "ನಾ ಕಾಗದದ ಕಡಿಯಾಂವ್ರಿ," ಎಂದು ಬಂದರಂತೆ. ಹಣ ಬರಲು ಎರಡು ವರ್ಷ ಹಿಡಿಯಿತು. ಆ ಹಣದಲ್ಲಿ ಆಕೆ ಕುಂಟುತ್ತಲೇ ಹಳ್ಳಿಯಲ್ಲಿ ಹಿಟ್ಟಿನ ಗಿರಣಿ ಹಾಕಿದಳು. ಗಿರಣಿಗಾಗಿ ಆಕೆ ಹೆಬ್ಬೆಟ್ಟು ಒತ್ತಬೇಕಾದ ಕಾಗದಗಳಿಗೂ ಕಾಕಾನ ಬೆರಳೇ ಮೊದಲು ಪ್ಯಾಡಿಗೆ ಬಿದ್ದಿರಬೇಕು. ನಾನು ಆಕೆಯ ಮುಂದೆ ನಿಲ್ಲುವ ಧೈರ್ಯ ಮಾಡಲಿಲ್ಲ. ಆ ದಾರಿಯಲ್ಲಿ ಹೋಗುವಾಗ ಗಿರಣಿ ಬಂದರೆ ಎದುರಿನ ರಸ್ತೆಯನ್ನಷ್ಟೇ ನೋಡುತ್ತಿದ್ದೆ.

ಕಾಕಾ ತೀರಿಕೊಂಡದ್ದು ಏಳೆಂಟು ವರ್ಷಗಳ ಮೇಲೆ. ಅದೇ ಬೂದು ಕಾರಿನಲ್ಲಿ ನಾನೊಬ್ಬಳೇ ಅತನೂರಿಗೆ ಹೋದೆ. ಗೋಡೆಗೆ ಒರಗಿಸಿ ಕೂಡಿಸಿದ್ದರು, ಮೈತುಂಬ ವಿಭೂತಿ. ಮಡಿಲಲ್ಲಿಟ್ಟ ಕೈಯ ಹೆಬ್ಬೆರಳು ಆಗಲೂ ನೀಲಿಯಾಗಿಯೇ ಇತ್ತು. ಅವರಿಗೆ ನಾನು ಒಮ್ಮೆಯೂ ನಿಮ್ಮಿಂದ ಉಪಕಾರವಾಯಿತು ಎಂದಿರಲಿಲ್ಲ. ಆ ಬೆರಳನ್ನು ಹಣೆಗೊತ್ತಿಕೊಂಡು ಅತ್ತೆ.

ಮಣ್ಣು ಮುಗಿದು ಮಂದಿ ಚದುರಿದಾಗ, ನನ್ನ ಕಾರಿನ ಹತ್ತಿರ ಕೋಲೂರಿಕೊಂಡು ಒಬ್ಬಳು ನಿಂತಿದ್ದಳು. ಆಕೆಯೇ. ಕಾರನ್ನೂ ನನ್ನನ್ನೂ ಗುರುತು ಹಿಡಿದಿದ್ದಳು. ಆಕೆಯ ಹಳ್ಳಿಗೆ ಎರಡು ಮೈಲಿ ನಡೆಯಬೇಕು, ಆ ಹೊತ್ತಿಗೆ ಬಸ್ಸಿಲ್ಲ. ಬಾ, ಕೂಡು ಎನ್ನಬೇಕಿತ್ತು. ಯಾವ ಮುಖ ಇಟ್ಟುಕೊಂಡು ಕರೆಯುವುದು?

ಆಕೆ ತಾನೇ ಮುಂದಿನ ಬಾಗಿಲು ತೆಗೆದಳು. ಕೆಟ್ಟ ಕಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಂಡು, ಕೋಲನ್ನು ಮೊಣಕಾಲ ನಡುವೆ ನಿಲ್ಲಿಸಿ, ಅಪ್ಪ ಕೂರುತ್ತಿದ್ದ ಸೀಟಿನಲ್ಲಿ ಒರಗಿದಳು.

"ಯಾರು ಓಡಸ್ತಾರವ್ವಾ, ನೀನ ಏನು?"

"ಹೌದವ್ವಾ, ನಾನ."

"ಹಂಗಾದ್ರ ನಡಿ," ಎಂದಳು.