ಬಾಳೆಗಿಡದ ಗಂಡ

ದುರುಗೇಶನ ಬಗ್ಗೆ ಬರೆಯುವ ಮುಂಚೆ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಅವನ ಮೇಲೆ ನನಗೆ ಹೊಟ್ಟೆಕಿಚ್ಚು. ಇವತ್ತಿಗೂ ಇದೆ. ಇಬ್ಬರೂ ಕಮಲಾಪುರದ ಒಂದೇ ಓಣಿಯವರು, ಒಂದೇ ಬೆಂಚಿನಲ್ಲಿ ಕೂತವರು. ಅವನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ತಾಯಿ ಉಚ್ಚೆಂಗಮ್ಮನ ಜೊತೆ ಬಾಳೆತೋಟದ ಕೂಲಿಗೆ ಹೋದ. ನಾನು, ಪಂಪೇಶ, ಬಿ.ಎ. ಮುಗಿಸಿ, ಪರೀಕ್ಷೆ ಬರೆದು, ಕೊರಳಿಗೆ ಬಿಲ್ಲೆ ಹಾಕಿಕೊಂಡು ಹಂಪಿಯಲ್ಲಿ ಗೈಡ್ ಆದೆ. ಇಂಗ್ಲಿಷ್ ನನಗೆ ನೀರು ಕುಡಿದಷ್ಟು ಸಲೀಸು. ಜರ್ಮನ್ ಬರುತ್ತದೆ, ಫ್ರೆಂಚಿನಲ್ಲಿ ನಗಿಸಬಲ್ಲೆ. ಇಂಥವನನ್ನು ಯಾರಾದರೂ ಒಬ್ಬಳು ಮೆಚ್ಚಿ ತನ್ನ ದೇಶಕ್ಕೆ ಕರೆದುಕೊಂಡು ಹೋಗದೆ ಇರುತ್ತಾಳೆಯೇ ಎಂದು ಸಂಡೂರಿನ ಒಂದು ಸಂಬಂಧ, ಕಂಪ್ಲಿಯ ಎರಡು ಸಂಬಂಧ ಒಲ್ಲೆ ಎಂದಿದ್ದೆ. ಪಾಸ್‌ಪೋರ್ಟ್ ಮಾಡಿಸಿ ಇಟ್ಟುಕೊಂಡಿದ್ದೆ. ಹತ್ತು ವರ್ಷಕ್ಕೆ ಅದರ ಅವಧಿ ಮುಗಿಯಿತು, ಒಂದು ಸೀಲೂ ಬೀಳಲಿಲ್ಲ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ.

ಕಡಲೆ ಸಿಕ್ಕಿದ್ದು ದುರುಗೇಶನಿಗೆ. ಚಳಿಗಾಲ ಬಂತೆಂದರೆ ಹಂಪಿಗೆ ಬಂಡೆ ಹತ್ತುವ ಚಟದವರು ಬರುತ್ತಾರೆ. ಹಗ್ಗ ಗಿಗ್ಗ ಏನೂ ಇಲ್ಲ, ಹಲ್ಲಿಯ ಹಾಗೆ ಏರುತ್ತಾರೆ. ಬಿದ್ದರೆ ಪೆಟ್ಟಾಗದಂತೆ ಕೆಳಗೊಂದು ದಪ್ಪ ಹಾಸಿಗೆ ಹಾಸಿರಬೇಕು. ಅದನ್ನು ಬೆನ್ನ ಮೇಲೆ ಹೊತ್ತು ತಂದು ಹಾಸುವುದು ದುರುಗೇಶನ ಕೆಲಸ. ಹಾಸಿ ಸುಮ್ಮನೆ ಕೂತಿರಬಾರದೆ? ಬರಿಗಾಲಲ್ಲಿ ತಾನೂ ಹತ್ತತೊಡಗಿದ. ಎರಡು ವರ್ಷದಲ್ಲಿ ಶೂ ಹಾಕಿಕೊಂಡು ಬಂದವರು ಅವನ ಕೈ ಎಲ್ಲಿ ಹಿಡಿಯುತ್ತದೆ ಎಂದು ನೋಡಿ ಕಲಿಯುವಂತಾಯಿತು.

ನೇಜಾ ಮೊದಲು ಬಂದದ್ದು ನನ್ನ ಗಿರಾಕಿಯಾಗಿ. ಸ್ಲೊವೇನಿಯಾ ದೇಶದವಳು, ಅಲ್ಲಿ ಮೂಳೆ ನೋವಿನವರಿಗೆ ವ್ಯಾಯಾಮ ಹೇಳಿಕೊಡುವ ಕೆಲಸ. ಎರಡು ತಾಸು ನಾನು ರಾಜರ ಕಥೆಯನ್ನೆಲ್ಲ ಹೇಳಿದೆ. ಅವಳು ತಲೆಯಾಡಿಸುತ್ತಿದ್ದಳು, ಆದರೆ ಕಣ್ಣು ನನ್ನ ಹೆಗಲ ಮೇಲಿಂದ ದೂರದ ಬಂಡೆಯ ಮೇಲಿತ್ತು. ಯಾರು ಅವನು ಎಂದು ಕೇಳಿದಳು. ನನ್ನ ಗೆಳೆಯ ಎಂದೆ. ಕರೆದುಕೊಂಡು ಹೋಗಿ ಪರಿಚಯ ಮಾಡಿಸಿದವನೂ ನಾನೇ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದೆಂದರೆ ಇದು.

ಮೂರು ಚಳಿಗಾಲ ಬಂದಳು. ಮೂರನೆಯ ಸಲ ಆರು ತಿಂಗಳು ಅವನ ಮನೆಯಲ್ಲೇ ಇದ್ದು ರೊಟ್ಟಿ ಬಡಿಯುವುದನ್ನೂ ಕಲಿತಳು. ಊರಿಗೆ ಹೊರಡುವಾಗ, ನೀನೂ ಬಾ, ಅಲ್ಲೇ ಮದುವೆಯಾಗಿ ಅಲ್ಲೇ ಇರೋಣ ಎಂದಳು. ಅದಕ್ಕೆ ಬೇಕಾದ ಕಾಗದಗಳ ಪಟ್ಟಿ ಕಳಿಸಿದಳು. ಅದರಲ್ಲಿ ಒಂದು, ಇವನು ಅವಿವಾಹಿತ ಎಂಬ ಪ್ರಮಾಣಪತ್ರ.

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ದುರುಗೇಶನಿಗೆ ಇಪ್ಪತ್ತೆರಡು ತುಂಬಿದಾಗ ಜೋಯಿಸರು ಜಾತಕ ನೋಡಿ, ಕುಜದೋಷವಿದೆ, ಮೊದಲ ಹೆಂಡತಿ ಬಾಳುವುದಿಲ್ಲ ಎಂದಿದ್ದರು. ಪರಿಹಾರ ನಮ್ಮ ಕಡೆ ಎಲ್ಲರಿಗೂ ಗೊತ್ತು. ಮೊದಲು ಬಾಳೆಗಿಡಕ್ಕೆ ತಾಳಿ ಕಟ್ಟಿಸುವುದು, ಗಿಡ ಕಡಿಯುವುದು, ಹುಡುಗನ ತಲೆಯ ಮೇಲೆ ನೀರು ಸುರಿಯುವುದು. ಸತ್ತದ್ದು ಗಿಡ, ತೀರಿದ್ದು ದೋಷ. ಹೆಣ್ಣು ಕೊಡುವವರ ಕಿವಿಗೆ ಬೀಳಬಾರದೆಂದು ಬೆಳಗಾಗುವ ಮೊದಲೇ ತೋಟದಲ್ಲಿ ಮುಗಿಸಿದರು. ಇದ್ದವರು ಜೋಯಿಸರು, ಉಚ್ಚೆಂಗಮ್ಮ ಮತ್ತು ಅಂತರಪಟ ಹಿಡಿಯಲು ನಾನು. ಬಾಳೆಗಿಡಕ್ಕೆ ನಾಚಿಕೆಯಾದೀತೆಂದು ನಾನು ಇಬ್ಬರ ನಡುವೆ ಒಂದು ಪಂಚೆ ಅಡ್ಡ ಹಿಡಿದಿದ್ದೆ, ದುರುಗೇಶ ನಗು ತಡೆಯಲಾರದೆ ಬೈಸಿಕೊಂಡಿದ್ದ.

ಪ್ರಮಾಣಪತ್ರಕ್ಕಾಗಿ ವಿ.ಎ. ಸಾಹೇಬರು, ಅಂದರೆ ನಮ್ಮ ಗ್ರಾಮ ಆಡಳಿತಾಧಿಕಾರಿಗಳು, ಓಣಿಗೆ ಬಂದು ಪಂಚನಾಮೆಗೆ ಕೂತರು. ಐದು ಜನ ನೆರೆಹೊರೆಯವರು ಸಹಿ ಹಾಕಬೇಕು. ನಾಲ್ವರು ಮದುವೆ ಆಗಿಲ್ಲ ಎಂದು ಹೇಳಿದ್ದಾಗಿತ್ತು. ದುರುಗೇಶ ಚಹಾ ತರಲು ಹೋಗಿದ್ದ. ಕೊನೆಗೆ ನನ್ನ ಸರದಿ. ಪೆನ್ನು ಕೈಗೆ ತೆಗೆದುಕೊಂಡಾಗ ಅವನು ವಿಮಾನ ಹತ್ತುವುದು ಕಣ್ಣಿಗೆ ಕಟ್ಟಿತು. ಒಂದು ಇಂಗ್ಲಿಷ್ ವಾಕ್ಯ ಸರಿಯಾಗಿ ಬಾರದವನು!

"ಒಂದು ಆಗಿತ್ರೀ ಸರ್," ಎಂದೆ. "ನಾನ ಅಂತರಪಟ ಹಿಡಿದಿದ್ದೆ."

"ಹೌದ? ಹೆಂಡ್ತಿ ಎಲ್ಲಿ ಈಗ?"

"ಉಳೀಲಿಲ್ರೀ. ಮದುವಿ ಆದ ದಿನಾನ..."

"ಮಕ್ಕಳು?"

"ಇಲ್ರೀ." ಗಿಡದ ಬುಡದಲ್ಲಿ ನಾಲ್ಕು ಮರಿಗಳಿದ್ದವು, ಅಷ್ಟೆಲ್ಲ ಹೇಳಲಿಲ್ಲ.

ಸಾಹೇಬರು ಉಳಿದವರ ಮುಖ ನೋಡಿದರು. ಪಕ್ಕದ ಮನೆಯ ಭರಮಣ್ಣ ತಲೆ ಕೆರೆದುಕೊಂಡು, "ನಾ ಆಗ ತೋರಣಗಲ್ಲಾಗ ಫ್ಯಾಕ್ಟರಿ ಡ್ಯೂಟಿ ಮಾಡ್ತಿದ್ದೆ, ನನಗ ತಿಳೀದು. ಓದಿದಾಂವ ಹೇಳ್ತಾನ ಅಂದ್ರ ಖರೇನ ಇರಬೇಕ್ರೀ," ಎಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಆ ಪೂಜಾರಿ ನಾನಾದೆ. ಅವತ್ತು ಚಹಾ ಬಹಳ ರುಚಿಯಾಗಿತ್ತು, ಸುಳ್ಳೇಕೆ ಹೇಳಲಿ.

ಕಾಗದದಲ್ಲಿ 'ವಿಧುರ' ಎಂದು ಬಂತು. ದುರುಗೇಶ ಸೀಲು ನೋಡಿದ, ಅಕ್ಷರ ನೋಡಲಿಲ್ಲ. ಫೈಲು ದಿಲ್ಲಿಯ ರಾಯಭಾರ ಕಚೇರಿಗೆ ಹೋಯಿತು. ತಿಂಗಳ ಮೇಲೆ ಉತ್ತರ ಬಂತು. ಮೊದಲ ಪತ್ನಿಯ ಮರಣ ಪ್ರಮಾಣಪತ್ರ ಒದಗಿಸಿ, ನಲವತ್ತು ದಿನದೊಳಗೆ, ಇಲ್ಲವಾದರೆ ಅರ್ಜಿ ವಜಾ. ಬಾಳೆಗಿಡದ ಮರಣ ಪ್ರಮಾಣಪತ್ರ ಯಾವ ಕಚೇರಿಯಲ್ಲಿ ಕೊಡುತ್ತಾರೆ? ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಅದೇ ಪತ್ರದ ಪ್ರತಿ ನೇಜಾಳಿಗೂ ಹೋಗಿತ್ತು. ನಿನಗೆ ಹೆಂಡತಿ ಇದ್ದಳೇ ಎಂದು ಒಂದೇ ಒಂದು ಮೆಸೇಜು ಹಾಕಿ, ಫೋನ್ ಎತ್ತುವುದನ್ನು ನಿಲ್ಲಿಸಿಬಿಟ್ಟಳು.

ಸಂಜೆ ಅವನು ನಮ್ಮ ಮನೆಗೆ ಬಂದ. ಕಟ್ಟೆಯ ಮೇಲೆ ಕೂಡಲಿಲ್ಲ.

"ಜೋಯಿಸರು ಹೋದ್ರು, ಅವ್ವ ಹೋದ್ಳು. ಆ ಮದುವಿ ಕಂಡಾಂವ ಉಳಿದಿದ್ದು ನೀನೊಬ್ನ. ಯಾಕ ಹೇಳಿದೆಲೇ?"

ಹೊಡೆಯುತ್ತಾನೆ ಎಂದುಕೊಂಡೆ. ಬಂಡೆ ಹಿಡಿಯುವ ಕೈ, ಒಂದು ಬಿದ್ದರೆ ಸಾಕಿತ್ತು. ನಾಲ್ಕಾರು ನೆಪ ಬಾಯಿತನಕ ಬಂದವು. ಹೊರಬಿದ್ದದ್ದು ಮಾತ್ರ ಒಂದೇ ಮಾತು.

"ಹೊಟ್ಟಿಕಿಚ್ಚಿಗೆ."

ಅವನು ಹೊಡೆಯಲಿಲ್ಲ. ಕಟ್ಟೆಯ ಮೇಲೆ ಕೂತ. "ಹಂಗಾರ ಅದನ್ನ ಬರಿ. ಬಾಳಿಗಿಡದ್ದೂ ಬರಿ, ಹೊಟ್ಟಿಕಿಚ್ಚಿಂದೂ ಬರಿ. ನನಗ ಇಂಗ್ಲೀಷ್ ಬರಂಗಿಲ್ಲ. ಬ್ಯಾರೆಯವ್ರ ಬರದ್ರ ಅಕಿ ನಂಬಂಗಿಲ್ಲ."

ಬರೆದೆ. ಎರಡು ಪುಟ ಎಂದುಕೊಂಡದ್ದು ಐದಾಯಿತು. ಬಾಳೆಗಿಡದ ಕಥೆ ಅರ್ಧ ಪುಟಕ್ಕೇ ಮುಗಿಯಿತು. ಉಳಿದದ್ದೆಲ್ಲ ನನ್ನ ಉರಿ. ಅವಳನ್ನು ಮೊದಲು ಕಂಡವನು ನಾನು ಎಂದು ಬರೆದೆ. ಹೊಸಪೇಟೆಯ ಆಸ್ಪತ್ರೆಯಲ್ಲಿ ಅವಳು ಟೈಫಾಯ್ಡ್ ಎಂದು ಮಲಗಿದಾಗ ಇವನು ಒಂಬತ್ತು ದಿನ ಮಂಚದ ಕೆಳಗೆ ಮಲಗಿದ್ದ, ನಾನು ಹಣ್ಣು ಕೊಡುವ ನೆಪದಲ್ಲಿ ಹೋಗಿ ಅದನ್ನು ನೋಡಿ ಬಂದೆ ಎಂದು ಬರೆದೆ. ಅವಳು ಬಡಿದ ಮೊದಲ ರೊಟ್ಟಿ ಸೀದು ಕರಕಲಾದಾಗ ಇವನು ಚಟ್ನಿ ಹಚ್ಚಿಕೊಂಡು ಪೂರ್ತಿ ತಿಂದ, ಕಿಟಕಿಯಿಂದ ನೋಡುತ್ತಿದ್ದ ನನಗೆ ಅವತ್ತು ಊಟ ಸೇರಲಿಲ್ಲ ಎಂದೂ ಬರೆದೆ. ಮೂರು ವರ್ಷ ನಾನು ಇನ್ನೇನನ್ನೂ ಅಷ್ಟು ಗಮನಕೊಟ್ಟು ನೋಡಿಲ್ಲ. ಹೊಸಪೇಟೆಯ ನೋಟರಿ ಓದಿ ಕನ್ನಡಕ ತೆಗೆದು, "ಇದನ್ನ ಖರೇನ ಕಳಸ್ತೀರೇನ್ರೀ?" ಎಂದರು. ದುರುಗೇಶ, "ಒಂದಕ್ಷರ ಬಿಡದಂಗ ಕಳಸ್ರೀ," ಎಂದ. ವಿ.ಎ. ಸಾಹೇಬರು ನನಗೆ ಓಣಿಯೆಲ್ಲ ಕೇಳುವಂತೆ ಬೈದು ಹೊಸ ಪಂಚನಾಮೆ ಮಾಡಿದರು. ನನ್ನ ಕಾಗದದ ಒಂದು ಪ್ರತಿ ದಿಲ್ಲಿಗೆ, ಇನ್ನೊಂದು ನೇಜಾಳಿಗೆ ಹೋಯಿತು. ಕಾಗದ ತಲುಪಿದ ಮರುದಿನ ನೇಜಾ ಫೋನ್ ಎತ್ತಿದಳು. ಮಾತಿಗಿಂತ ಮೊದಲು ನಕ್ಕಳಂತೆ. ವೀಸಾ ಬಂತು, ದುರುಗೇಶ ಹೋದ. ಅಲ್ಲಿ ಮದುವೆಯೂ ಆಯಿತು.

ಎಂಟು ತಿಂಗಳಾದ ಮೇಲೆ ಅವನ ವಿಡಿಯೋ ಕಾಲ್ ಬಂತು. ಟೋಪಿ, ದಪ್ಪ ಕೋಟು, ಹಿಂದೆ ಹಸಿರು ಗುಡ್ಡ. ಅಲ್ಲಿ ಮಕ್ಕಳಿಗೆ ಬಂಡೆ ಹತ್ತಲು ಕಲಿಸುತ್ತಿದ್ದಾನೆ. ಕೈಯಲ್ಲೊಂದು ಕಾರ್ಡು ಹಿಡಿದು ತೋರಿಸಿದ. ಅಲ್ಲೇ ವಾಸ ಮಾಡಲು ಸರ್ಕಾರ ಕೊಟ್ಟ ಪರವಾನಗಿ.

"ನಿನ್ನ ದೆಸೆಯಿಂದ ಸಿಕ್ತಲೇ ಪಂಪ್ಯಾ," ಎಂದ.

"ಚಾಷ್ಟಿ ಮಾಡಬ್ಯಾಡ."

"ಖರೇನ. ಇಲ್ಲಿ ಕಾರ್ಡಿಗೋಸ್ಕರ ಸುಳ್ಳು ಮದುವಿ ಆಗೋರು ಭಾಳ ಅಂತ. ಆಫೀಸರಮ್ಮ ಫೋಟೋ ನೋಡಿದ್ಲು, ಮೆಸೇಜ್ ನೋಡಿದ್ಲು. ಇವನ್ನ ಎಲ್ಲಾರೂ ತರ್ತಾರ ಅಂದ್ಲು. ಆಮ್ಯಾಲ ನಿನ್ನ ಕಾಗದ ಓದಿದ್ಲು. ಎರಡು ಸಲ. ಸುಳ್ಳು ಸಂಸಾರ ನೋಡಿ ಯಾರೂ ಇಷ್ಟು ಉರಕೊಳ್ಳಂಗಿಲ್ಲ ಅಂದು ಸೀಲ್ ಹೊಡದ್ಲು."

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ನನ್ನ ಹದಿನೆಂಟು ವರ್ಷದ ಇಂಗ್ಲಿಷ್, ನನ್ನ ಉರಿ, ನನ್ನ ಮಾನ, ಮೂರೂ ಸೇರಿ ಅವನಿಗೊಂದು ದೇಶ ಕೊಡಿಸಿದ್ದವು.

"ನೀನೂ ಬಾರಲೇ, ಹದಿನೈದು ದಿನ ಇದ್ದು ಹೋಗು," ಎಂದ. "ಕರೆಸಿಕೊಳ್ಳೋ ಕಾಗದ ನಾ ಕೊಡ್ತೀನಿ. ನನಗೀಗ ಹಕ್ಕು ಐತಿ."

"ಎಲ್ಲೀದು, ಪುರುಸೊತ್ತಿಲ್ಲ. ಸೀಜನ್ ಜೋರೈತಿ," ಎಂದೆ.

ಅದು ಮೇ ತಿಂಗಳು. ಕಾದ ಬಂಡೆಗಳ ಮೇಲೆ ನಾಯಿಯೂ ಕಾಲಿಡುತ್ತಿರಲಿಲ್ಲ, ಹನ್ನೊಂದು ದಿನದಿಂದ ನನಗೊಬ್ಬ ಗಿರಾಕಿ ಸಿಕ್ಕಿರಲಿಲ್ಲ. ಹುಟ್ಟಿದಂದಿನಿಂದ ಇದೇ ಬಿಸಿಲು ತಿಂದ ದುರುಗೇಶನಿಗೆ ಮೇ ತಿಂಗಳು ಎಂದರೇನೆಂದು ಗೊತ್ತಿಲ್ಲದೆ ಏನು?

"ಹೌದಲ್ಲ, ಈಗ ಸೀಜನ್ ಐತಲ್ಲ," ಎಂದ. "ಮರ್ತ ಬಿಟ್ಟಿದ್ದೆ ನೋಡು."