ಗುಡ್ಡ ಹತ್ತಬೇಕಿದ್ದ ಜೀಪು

ಆ ದಿನ ಸಂಜೆ ನಮ್ಮ ಮನೆಯವರು ಅಂಗಳದಲ್ಲಿ ಜೀಪಿನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಚಕ್ರಕ್ಕೂ ಅದರ ಮೇಲಿನ ತಗಡಿಗೂ ನಡುವೆ ಎಷ್ಟು ಸಂದಿ ಇದೆ ಎಂದು ಒಂದು ಜೋಳದ ದಂಟಿನಲ್ಲಿ ಅಳೆಯುತ್ತಿದ್ದರು. ಮೊದಲು ಖಾಲಿ ಜೀಪಿನ ಅಳತೆ. ಆಮೇಲೆ ಹಿಂದೆ ಹಿಡಿಸುವಷ್ಟು ಕುರಿ ಹತ್ತಿಸಿ ಇನ್ನೊಂದು ಅಳತೆ. ದಂಟಿನ ಮೇಲೆ ಉಗುರಿನಲ್ಲಿ ಗೀರಿ ಗುರುತು ಮಾಡಿಕೊಂಡರು. ಅಷ್ಟಕ್ಕೂ ಸಮಾಧಾನವಾಗದೆ ನನ್ನ ಕಡೆ ತಿರುಗಿದರು.

“ನೀನೂ ಹತ್ತೇ.”

ನಾನ್ಯಾಕೆ ಎಂದೆ. ಕೈಯೆಲ್ಲ ರಾಗಿ ಹಿಟ್ಟಾಗಿತ್ತು.

“ಇನ್ಮ್ಯಾಲೆ ನೀನೂ ಗುಡ್ಡಕ್ಕೆ ಬರಾದು ಐತಲ್ಲ. ಎರಡು ಟಗರಿನ ತೂಕ ಜಾಸ್ತಿ ಹಿಡಿಬೇಕು.”

ಹಗ್ಗ ಹಿಡಿದು ನಿಂತಿದ್ದ ಮೈದುನ, “ಎರಡಕ್ಕೆ ಆಗಲ್ಲಣ್ಣ, ಮೂರು ಹಿಡಿ” ಅಂದ. ಅವನ ಬೆನ್ನಿಗೆ ಹಿಟ್ಟಿನ ಕೈಯಲ್ಲೇ ಒಂದು ಕೊಟ್ಟು ಹತ್ತಿದೆ. ಕುರಿಗಳ ನಡುವೆ ನಿಂತುಕೊಂಡಾಗ ಒಂದು ನನ್ನ ಸೆರಗನ್ನು ಬಾಯಿಗೆ ಹಾಕಿಕೊಂಡಿತು. ಅವರು ಕೆಳಗಿನಿಂದ ಎಷ್ಟೋ ಹೊತ್ತು ನೋಡಿ, ಸಾಕು ಇಳಿ ಎಂದರು. ಆಮೇಲೆ ಮುದ್ದೆ, ಹುರುಳಿ ಸಾರು. ಮಲಗುವ ಮುಂಚೆ ಬಾಗಿಲ ಚಿಲಕ ಹಾಕಿದ್ದೀಯಾ ಎಂದು ದಿನವೂ ಕೇಳುವ ಹಾಗೆ ಕೇಳಿದರು. ಬೇರೆ ಏನೂ ಆಗಲಿಲ್ಲ.

ಮಾರನೇ ದಿನ ಬೆಳಿಗ್ಗೆ ಜೀಪನ್ನು ಎತ್ತರ ಮಾಡಿಸಲು ಹಿರಿಯೂರಿನ ಗ್ಯಾರೇಜಿಗೆ ಬಿಟ್ಟು, ವಾಪಸು ಧರ್ಮಪುರದ ಬಸ್ಸು ಹಿಡಿಯಲು ಬಸ್ ಸ್ಟ್ಯಾಂಡಿಗೆ ಬಂದವರು ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತರಂತೆ. ಗ್ಯಾಸು ಇರಬೇಕೆಂದು ಸೋಡಾ ತರಿಸಿ ಕುಡಿದರಂತೆ. ಪಕ್ಕದವರು ಆಟೋದಲ್ಲಿ ಕೂರಿಸಿಕೊಂಡು ಹೊರಟರೂ ದಾರಿಯಲ್ಲೇ ಹೋಗಿಬಿಟ್ಟರು. ಇದೆಲ್ಲ ನನಗೆ ಬೇರೆಯವರು ಹೇಳಿದ್ದು. ನಾನು ಆ ಹೊತ್ತಿಗೆ ಶೇಂಗಾ ಬೀಜ ಸುಲಿಯುತ್ತಾ ಕೂತಿದ್ದೆ.

ನಮ್ಮದು ಕುರಿ ಮನೆ. ಶೇಂಗಾ ಬಿತ್ತನೆಯಾದ ಮೇಲೆ ಕೀಳುವ ತನಕ ನಮ್ಮ ಕಡೆ ಕುರಿಗಳಿಗೆ ಕೆಳಗೆ ಜಾಗವಿಲ್ಲ. ಎತ್ತ ನೋಡಿದರೂ ಬೆಳೆ. ಹಿಂಡು ಗುಡ್ಡದ ಮೇಲಿನ ರೊಪ್ಪದಲ್ಲೇ ಇರಬೇಕು. ರೊಪ್ಪ ಎಂದರೆ ಕಲ್ಲು ಜೋಡಿಸಿ, ಮೇಲೆ ಜಾಲಿ ಮುಳ್ಳು ಹೊದಿಸಿದ ಕುರಿ ದೊಡ್ಡಿ. ಅಲ್ಲಿ ಬಂಡೆಯ ದೊಣೆಯಲ್ಲಿ ಮಳೆ ನೀರು ನಿಲ್ಲುತ್ತದೆ. ಮಳೆ ಹಿಂದೆ ಬಿದ್ದರೆ ದೊಣೆ ಒಣಗಿ, ಕೆಳಗಿನಿಂದ ನೀರು ಸಾಗಿಸಬೇಕು. ಮರಿ ಹಾಕುವ ಕುರಿ, ಕುಂಟುವ ಕುರಿಗಳನ್ನು ಹೊತ್ತು ತರಬೇಕು, ಒಯ್ಯಬೇಕು. ಗಾಳಿಯಂತ್ರದವರು ಅರ್ಧ ಗುಡ್ಡದವರೆಗೆ ಮಣ್ಣಿನ ದಾರಿ ಮಾಡಿದ್ದಾರೆ. ಅಲ್ಲಿಂದ ಮೇಲೆ ಬರೀ ಕಲ್ಲು.

ಮೊದಲು ನಾನೂ ಅವರ ಜೊತೆ ಹತ್ತುತ್ತಿದ್ದೆ. ಒಂದು ವರ್ಷ ಕಲ್ಲಿನಿಂದ ಜಾರಿ ಎಡಗಾಲಿನ ಹರಡಿನ ಮೂಳೆ ಮುರಿಯಿತು. ಕೂಡಿತು, ಆದರೆ ಸೊಟ್ಟಗೆ ಕೂಡಿತು. ಮಟ್ಟಸ ನೆಲದಲ್ಲಿ ತೊಂದರೆಯಿಲ್ಲ, ಏರು ಹತ್ತಲು ಆಗುವುದಿಲ್ಲ. ಅವರು ತಿಂಗಳುಗಟ್ಟಲೆ ಮೇಲೆ, ನಾನು ಕೆಳಗೆ. ಅದಕ್ಕೇ ಜೀಪು ತಂದರು. ಭೀಮಸಮುದ್ರದ ಕಡೆ ಅಡಿಕೆ ತೋಟದವರು ಓಡಿಸಿ ಬಿಟ್ಟಿದ್ದ ಹಳೆಯ ಗಾಡಿ. ನಾಲ್ಕೂ ಚಕ್ರ ಎಳೆಯಬೇಕಾದ ಜೀಪು ಅದು. ಆದರೆ ತೋಟದ ದಾರಿಗೆ ಅಷ್ಟೆಲ್ಲ ಬೇಡ, ಡೀಸೆಲ್ ಉಳಿಯಲಿ ಎಂದು ಮುಂದಿನ ಚಕ್ರಗಳಿಗೆ ಹೋಗುವ ಶಾಫ್ಟನ್ನೇ ಅವರು ಬಿಚ್ಚಿ ಎಸೆದಿದ್ದರು. ಹಾಗಾಗಿ ಅದು ಅರ್ಧ ಗುಡ್ಡ ಹತ್ತಿ, ಕಲ್ಲು ಸಿಕ್ಕಲ್ಲಿ ಹಿಂದಿನ ಚಕ್ರ ಗರಗರ ತಿರುಗಿಸುತ್ತಾ ನಿಲ್ಲುತ್ತಿತ್ತು.

ನಮ್ಮ ಮನೆಯವರು ಚಿತ್ರದುರ್ಗದ ಗುಜರಿ ಅಂಗಡಿಗಳನ್ನು ಸುತ್ತಿ ಸುತ್ತಿ ಆ ಶಾಫ್ಟು ಹುಡುಕಿ ತಂದರು. ಹೊಸದುರ್ಗದ ಕಡೆಯಿಂದ ದೊಡ್ಡ ಟೈರು ಬಂತು, ಹೊಳಲ್ಕೆರೆಯಿಂದ ಪಾಟಾ ಬಂತು. ಪಾಟಾ ಎಂದರೆ ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳು. ಒಂದರ ಮೇಲೊಂದು ಜೋಡಿಸಿರುತ್ತಾರೆ, ಹೆಚ್ಚು ಜೋಡಿಸಿದಷ್ಟೂ ಗಾಡಿ ಮೇಲೇಳುತ್ತದೆ. ಮದುವೆಗೆ ಸೀರೆ ತಂದ ಹಾಗೆ ಒಂದೊಂದನ್ನೂ ನನಗೆ ತೋರಿಸಿ ಒಳಗೆ ಇಡುತ್ತಿದ್ದರು. ತಳಕ್ಕೆ ಕಲ್ಲು ತಾಗದ ಹಾಗೆ ಜೀಪನ್ನು ಎತ್ತರ ಮಾಡಬೇಕು, ನಿನ್ನನ್ನು ರೊಪ್ಪದ ಬಾಗಿಲಲ್ಲೇ ಇಳಿಸುತ್ತೇನೆ ಎನ್ನುತ್ತಿದ್ದರು.

ತಿಥಿ ಮುಗಿದು ನೆಂಟರು ಒಬ್ಬೊಬ್ಬರಾಗಿ ಹೊರಟರು. ಹೋಗುವಾಗ ಎಲ್ಲರೂ ಹೇಳಿದ್ದು ಒಂದೇ ಮಾತು, ಕುರಿ ಮಾರಿಬಿಡು ಎಂದು. ಅವರಿಗೆ ನನ್ನ ಮೇಲೆ ಕೆಟ್ಟದ್ದೇನೂ ಇರಲಿಲ್ಲ. ಮೈದುನನಿಗೆ ಅವನ ಹೊಲವಿದೆ, ಬಾಡಿಗೆ ಹೊಡೆಯುವ ಟೆಂಪೋ ಇದೆ. ಈ ಒಂದು ಮಳೆಗಾಲ ಹೇಗೋ ನೋಡಿಕೊಳ್ಳುತ್ತೇನೆ, ಆಮೇಲೆ ಆಗುವುದಿಲ್ಲ ಎಂದು ನೆಲ ನೋಡುತ್ತಾ ಹೇಳಿದ. ಗುಡ್ಡ ಹತ್ತಲಾರದವಳು ಕುರಿ ಇಟ್ಟುಕೊಳ್ಳುವುದು ಹೇಗೆ ಎಂದು ನಾನೂ ಕೇಳಿಕೊಂಡೆ. ಆದರೆ ಆ ಹಿಂಡು ಹೋದರೆ ಅವರು ಎರಡನೇ ಸಲ ಹೋದ ಹಾಗೆ ಎಂದು ನನಗೆ ಅನ್ನಿಸುತ್ತಿತ್ತು.

ಒಂದು ದಿನ ಬಸ್ಸು ಹತ್ತಿ ಹಿರಿಯೂರಿಗೆ ಹೋದೆ. ಇಷ್ಟು ಬೇಗ ಹೊರಗೆ ಹೊರಟಳಲ್ಲ ಎಂದು ಊರಲ್ಲಿ ಒಂದಿಬ್ಬರು ಮಾತಾಡಿಕೊಂಡಿದ್ದು ಕಿವಿಗೆ ಬಿತ್ತು. ಗ್ಯಾರೇಜಿನಲ್ಲಿ ಜೀಪು ನಾಲ್ಕು ಮರದ ದಿಮ್ಮಿಗಳ ಮೇಲೆ ಚಕ್ರವಿಲ್ಲದೆ ನಿಂತಿತ್ತು. ಮೇಸ್ತ್ರಿ ವಯಸ್ಸಾದ ಸಾಬರು. ನನ್ನನ್ನು ನೋಡಿ ಎದ್ದು ನಿಂತು, ಕೈ ಒರೆಸಿಕೊಂಡು ಸ್ಟೂಲು ಹಾಕಿದರು. “ಕುಂತ್ಕಳ್ರಿ ಅಕ್ಕ” ಎಂದು ಚಹಾ ಹೇಳಿಕಳಿಸಿದರು. ಚಹಾ ಬಂತು. ಅದು ಮುಗಿದ ಮೇಲೆ ಕೇಳಿದರು.

“ಮೊದ್ಲು ಹೆಂಗಿತ್ತೋ ಹಂಗೇ ಕಟ್ಟಿ ಕೊಟ್ಬಿಡ್ಲೇನಕ್ಕ? ಮಾರಾಕೆ ಅದೇ ಸಲೀಸು.”

“ಅವ್ರು ಏನೇನು ಹೇಳಿದ್ರೋ ಅದೆಲ್ಲ ಮಾಡ್ರಿ.”

“ಓಡ್ಸೋರು?”

“ನಾನೇ.”

ಅವರು ನಗಲಿಲ್ಲ. ನನ್ನ ಕಾಲು ನೋಡಿದರು. ಸೀಟು ಒಂದಿಷ್ಟು ಮುಂದಕ್ಕೆ ತರುತ್ತೇನೆ ಎಂದರು. ಆಮೇಲೆ, ಕ್ಲಚ್ಚು ಮೆತ್ತಗೆ ಮಾಡುವ ಸಾಮಾನು ತರಿಸಿ ಆಗಿದೆ, ಅಣ್ಣನೇ ಹೇಳಿ ಹೋಗಿದ್ದರು ಎಂದರು. ಕ್ಲಚ್ಚು ತುಳಿಯುವುದು ಎಡಗಾಲಲ್ಲಿ. ನಮ್ಮ ಮನೆಯವರ ಎಡಗಾಲಿಗೆ ಏನೂ ಆಗಿರಲಿಲ್ಲ. ಮುಂದೊಂದು ದಿನ ನನ್ನ ಕೈಗೆ ಸ್ಟೇರಿಂಗ್ ಕೊಡುವ ಯೋಚನೆ ಅವರಿಗೆ ಇತ್ತೋ ಏನೋ, ನನಗಂತೂ ಹೇಳಿರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಪೂರ್ತಿ ದಾರಿ ಅದನ್ನೇ ಯೋಚಿಸಿದೆ.

ಟ್ರ್ಯಾಕ್ಟರ್ ಮೊದಲೇ ಓಡಿಸಿ ಗೊತ್ತಿದ್ದರಿಂದ ಕಲಿಯುವುದು ಅಷ್ಟು ಕಷ್ಟವಾಗಲಿಲ್ಲ. ಜೀಪು ತಯಾರಾಗಿ ಮನೆಗೆ ಬಂದ ಮೇಲೆ ಕೆರೆಯ ಒಣ ಅಂಗಳದಲ್ಲಿ ಮೈದುನ ಕಲಿಸಿದ. ಬ್ರೇಕು ಒತ್ತಿದಾಗಲೆಲ್ಲ ಅವನ ತಲೆ ಮುಂದಿನ ಗಾಜಿಗೆ ಹೋಗುತ್ತಿತ್ತು. “ಅಣ್ಣ ನನ್ನನ್ನೂ ತನ್ನ ಹತ್ರ ಕರ್ಕಳಾಕೆ ನಿಮ್ಮನ್ನ ಬಿಟ್ಟು ಹೋಗ್ಯಾನೆ” ಅಂದ ಒಂದು ಸಲ. ಆಡಿದ ಮೇಲೆ ಅವನಿಗೇ ಗಾಬರಿಯಾಯಿತು. ನನಗೆ ನಗು ಬಂತು. ಅವರು ಹೋದ ಮೇಲೆ ನಾನು ನಕ್ಕಿದ್ದು ಅದೇ ಮೊದಲು. ಇಬ್ಬರೂ ನಕ್ಕ ಮೇಲೆ ನಾನು ಮತ್ತೆ ಗೇರು ಹಾಕಿದೆ. ಚಿತ್ರದುರ್ಗಕ್ಕೆ ಹೋಗಿ ಲೈಸೆನ್ಸು ಮಾಡಿಸಿಕೊಂಡೆ.

ಮುಂದಿನ ಬಿತ್ತನೆ ಮುಗಿಯಿತು. ಹಿಂಡು ನಡೆದು ಮೇಲೆ ಹೋಯಿತು. ದಿನ ತುಂಬಿದ ಕುರಿಗಳನ್ನೂ ಎಳೆ ಮರಿಗಳನ್ನೂ ಜೀಪಿಗೆ ಹತ್ತಿಸಿದೆವು. ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ರೊಪ್ಪಕ್ಕೆ ಹೋಗುವ ಕುರಿಯ ಕಾಲನ್ನು ನಾವು ಕಟ್ಟುವುದಿಲ್ಲ. ಕಾಲು ಕಟ್ಟುವುದು ಸಂತೆಗೆ ಒಯ್ಯುವ ಕುರಿಗೆ. ಕಟ್ಟಿದರೆ ಅದು ಮನೆಯಿಂದ ಹೊರಗಾದ ಹಾಗೆ. ಹಿಂದೆ ಸಾಗಿಸುವಾಗೆಲ್ಲ ಅವರು ಹಾಗೇ ಬಿಡಿಬಿಡಿಯಾಗಿ ನಿಲ್ಲಿಸುತ್ತಿದ್ದರು, ನಾವೂ ಹಾಗೇ ನಿಲ್ಲಿಸಿದೆವು. ಮೈದುನ ಹಿಂದೆ ಅವುಗಳ ಜೊತೆ ನಿಂತ.

ಗಾಳಿಯಂತ್ರದ ದಾರಿ ಮುಗಿದಲ್ಲಿ ಲಿವರ್ ಎಳೆದು ನಾಲ್ಕೂ ಚಕ್ರ ಕೂಡಿಸಿದೆ. ಯಾವ ಕಲ್ಲಿನ ಮುಂದೆ ಅವರು ಪ್ರತಿ ಸಲ ಸೋತು ನಿಲ್ಲುತ್ತಿದ್ದರೋ ಆ ಕಲ್ಲನ್ನು ಜೀಪು ಮೆಲ್ಲಗೆ, ಮುದುಕಿ ಮೆಟ್ಟಿಲು ಹತ್ತಿದ ಹಾಗೆ ಹತ್ತಿ ದಾಟಿತು. ನನ್ನ ಕಣ್ಣಲ್ಲಿ ನೀರು ಬಂದು ದಾರಿ ಮಂಜಾಯಿತು. ಒರೆಸಿಕೊಂಡು ಮುಂದೆ ಹೋದೆ.

ಅಲ್ಲಿಂದ ಮೇಲೆ ದಾರಿ ಗುಡ್ಡದ ಪಕ್ಕೆಯಲ್ಲಿ ಹೋಗುತ್ತದೆ. ಬಲಗಡೆ ಏರು, ಎಡಗಡೆ ಇಳಿಜಾರು. ಜೀಪು ಸ್ವಲ್ಪ ಎಡಕ್ಕೆ ವಾಲಿದ್ದೇ ತಡ, ಒಂದು ಕುರಿ ಗೊರಸು ಜಾರಿ ಎಡಕ್ಕೆ ಹೋಯಿತು. ಒಂದು ಹೋದರೆ ಉಳಿದವು ನಿಲ್ಲುತ್ತವೆಯೇ? ಎಲ್ಲವೂ ಅದರ ಹಿಂದೆ ಎಡಕ್ಕೆ ನುಗ್ಗಿದವು. ಬಲಗಡೆಯ ಹಿಂದಿನ ಚಕ್ರ ನೆಲ ಬಿಟ್ಟಿದ್ದು ನನ್ನ ಸೊಂಟಕ್ಕೆ ಗೊತ್ತಾಯಿತು.

“ನಿಲ್ಸ್ರಿ ಅತ್ಗೆ” ಎಂದು ಮೈದುನ ಮೆಲ್ಲಗೆ, ಕುರಿ ಬೆದರದ ಹಾಗೆ ಹೇಳಿದ. “ಅಲ್ಲಾಡ್ಬ್ಯಾಡ್ರಿ. ನಾನು ಇಳಿದು ಮೇಲ್ಗಡೆ ಜೋತು ಬೀಳ್ತೀನಿ.”

ಅವನು ಬಲಗಡೆಯ ಕಂಬಿಗೆ ಪೂರ್ತಿ ಮೈ ಬಿಟ್ಟು ಜೋತುಬಿದ್ದ. ಚಕ್ರ ನೆಲ ಮುಟ್ಟಿತು. ನಾನು ಬ್ರೇಕಿನ ಮೇಲಿನ ಕಾಲು ತೆಗೆಯದೆ ಕೂತೆ. ಅವನು ಕಂಬಿ ಬಿಡದೆ ಒಂದು ಕೈಯಲ್ಲಿ ಹಿಂದಿನ ಬಾಗಿಲು ಬಿಚ್ಚಿ ಕುರಿಗಳನ್ನು ಒಂದೊಂದಾಗಿ ಕೆಳಗಿಳಿಸಿದ. ಅವು ಏನೂ ಆಗದವರ ಹಾಗೆ ಅಲ್ಲೇ ಹುಲ್ಲಿಗೆ ಬಾಯಿ ಹಾಕಿದವು. ಖಾಲಿ ಜೀಪನ್ನು ಹಿಂದಕ್ಕೆ ತಂದು ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಕೆಳಗೆ ಕೂತೆ. ಮೈದುನ ಪಕ್ಕದಲ್ಲಿ ಕೂತು ಬೀಡಿ ಹಚ್ಚಿದ. ಈಗಲಾದರೂ ಮಾರೋಣವೇ ಎಂದು ಅವನು ಕೇಳಬಹುದಿತ್ತು. ಕೇಳಲಿಲ್ಲ.

ಕುರಿಗಳನ್ನು ಮೆಲ್ಲಗೆ ಕೆಳಗೆ ನಡೆಸಿ ತಂದ ಮೇಲೆ ಮೇಸ್ತ್ರಿಯ ಹತ್ತಿರ ಹೋಗಿ ನಡೆದದ್ದು ಹೇಳಿದೆ. ಅವರು ತಲೆ ಮೇಲೆ ಕೈ ಇಟ್ಟುಕೊಂಡರು. ಅಣ್ಣ ಅಂಗಳದಲ್ಲಿ ನಿಂತ ಕುರಿಯ ಅಳತೆ ತಂದಿದ್ದರು, ನಾನೂ ಅದಕ್ಕೇ ಕಟ್ಟಿದೆ ಎಂದರು. ಮಟ್ಟಸ ನೆಲದಲ್ಲಿ ಕುರಿ ನಾಲ್ಕೂ ಕಡೆ ಹರಡಿ ನಿಲ್ಲುತ್ತದೆ. ಹಳೆಯ ಜೀಪು ತಗ್ಗಾಗಿತ್ತು, ಕುರಿ ಒಂದು ಕಡೆ ಸರಿದರೂ ನಡೆಯುತ್ತಿತ್ತು. ಎತ್ತರ ಮಾಡಿದ ಮೇಲೆ ನಡೆಯುವುದಿಲ್ಲ. ಇದು ನಮ್ಮ ಮನೆಯವರಿಗೂ ಹೊಳೆದಿರಲಿಲ್ಲ. ಹುಟ್ಟಿದಾಗಿನಿಂದ ಕುರಿ ಬೆನ್ನಿಗೆ ಬಿದ್ದವರು, ಒಂದರ ಹಿಂದೆ ಎಲ್ಲ ಹೋಗುತ್ತವೆ ಎನ್ನುವುದನ್ನು ಜೀಪಿನ ಲೆಕ್ಕದಲ್ಲಿ ಮರೆತಿದ್ದರು. ನಾವೆಲ್ಲರೂ ಮರೆತಿದ್ದೆವು. ಅದು ತಿಳಿದಾಗ ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಅವರು ಹತ್ತಿರದಲ್ಲೇ ಇದ್ದ ಹಾಗೆ ಅನ್ನಿಸಿತು. ಬದುಕಿದ್ದರೆ ಆ ತಿರುವಿನಲ್ಲಿ ಅವರೂ ಬೆವರುತ್ತಿದ್ದರು.

ಕಾಲು ಕಟ್ಟಿಬಿಟ್ಟರೆ ಎಲ್ಲ ಸರಿಹೋಗುತ್ತದಲ್ಲ ಎಂದು ಮೇಸ್ತ್ರಿ ಕೇಳಿದರು. ಅದೊಂದು ಬೇಡ ಎಂದೆ. ಸರಿ, ಬೇರೆ ದಾರಿ ನೋಡೋಣ ಎಂದರು. ಹೊಸದಾಗಿ ಸೇರಿಸಿದ್ದ ಪಾಟಾದಲ್ಲಿ ಒಂದೊಂದು ಪಟ್ಟಿ ತೆಗೆದು ಜೀಪನ್ನು ಸ್ವಲ್ಪ ತಗ್ಗಿಸಿದರು. ಹಿಂದೆ ಉದ್ದಕ್ಕೊಂದು ಅಡ್ಡಕ್ಕೊಂದು ಹಲಗೆ ನಿಲ್ಲಿಸಿ ನಾಲ್ಕು ಗೂಡು ಮಾಡಿದೆವು. ತಾಯಿಯನ್ನೂ ಮರಿಯನ್ನೂ ಒಂದೇ ಗೂಡಿಗೆ ಹಾಕಬಹುದು. ತಗಡಿನ ಮೇಲೆ ಗೊರಸು ಜಾರದಂತೆ ಹಳೆಯ ರಬ್ಬರು ಹಾಸಿದೆವು.

ಎರಡನೇ ಸಲ ಹೊರಟಾಗ ಮೈದುನ ಆ ತಿರುವಿನಲ್ಲಿ ಇಳಿದು ಮುಂದೆ ಮುಂದೆ ನಡೆದ. ಕೈ ಸನ್ನೆಯಲ್ಲಿ ಈ ಕಡೆ, ಆ ಕಡೆ ಎಂದು ಚಕ್ರಕ್ಕೆ ದಾರಿ ತೋರಿಸಿದ. ಜೀಪು ವಾಲಿತು. ಹಿಂದೆ ಕುರಿಗಳು ಹಲಗೆಗೆ ಒರಗಿಕೊಂಡು ನಿಂತವು. ಬಿಸಿಲೇರುವ ಮುಂಚೆ ರೊಪ್ಪದ ಬಾಗಿಲಲ್ಲಿ ಇಳಿದೆ. ಕಾಲು ಮುರಿದ ಮೇಲೆ ನಾನು ಅಲ್ಲಿಗೆ ಬಂದಿರಲಿಲ್ಲ. ಗೋಡೆಯ ಒಂದು ಮೂಲೆಯನ್ನು ಅವರು ಹೊಸದಾಗಿ ಕಟ್ಟಿದ್ದರು, ಕಲ್ಲಿನ ಬಣ್ಣ ಬೇರೆ ಇತ್ತು. ಅವರು ಮಲಗುತ್ತಿದ್ದ ಬಂಡೆಯ ಸಂದಿಯಲ್ಲಿ ಹುಲ್ಲು ಇನ್ನೂ ಹಾಸಿದ ಹಾಗೇ ಇತ್ತು. ಅಲ್ಲಿ ಸ್ವಲ್ಪ ಹೊತ್ತು ಕೂತೆ. ಮೈದುನ ನನ್ನ ಕಡೆ ನೋಡದೆ, ಜೀಪಿನಿಂದ ನೀರಿನ ಡ್ರಮ್ಮು ಇಳಿಸಿದ.

ಈಗ ಮೂರು ದಿನಕ್ಕೊಮ್ಮೆ ನಾನೇ ಹತ್ತುತ್ತೇನೆ. ಹಿಂಡನ್ನು ಮಾರುವ ಮಾತು ಮನೆಯಲ್ಲಿ ಬರುವುದಿಲ್ಲ. ಒಬ್ಬ ಆಳು ಮೇಲೆ ಇರುತ್ತಾನೆ, ಮೈದುನ ಬಿಡುವಾದಾಗ ಬರುತ್ತಾನೆ.

ಮೊನ್ನೆ ಅವನು ಬಂದಾಗ ರೊಪ್ಪದಲ್ಲಿ ಒಂದು ಗಂಡು ಮರಿ ಹುಟ್ಟಿತ್ತು. ಉದ್ದ ಕಿವಿ, ಗಟ್ಟಿ ಕಾಲು. ಎತ್ತಿ ಹಿಡಿದು, “ಇದನ್ನ ಮುಂದೆ ಹಿಂಡಿಗೆ ಟಗರು ಬಿಡಾಣೇನ್ರಿ ಅತ್ಗೆ?” ಎಂದ. ಚೆನ್ನಾಗಿದೆ, ಬಿಡೋಣ ಎನ್ನುವಷ್ಟರಲ್ಲಿ, “ಇದರ ಅಜ್ಜಿ ಯಾವ್ದು?” ಎಂದು ಕೇಳಿದ. ಒಂದೇ ಬಳಿಯ, ಅಂದರೆ ಒಂದೇ ವಂಶದ ಕುರಿಗಳಿಗೆ ಅದೇ ಬಳಿಯ ಟಗರು ಬಿಡಬಾರದು, ಮರಿಗಳು ಬಡವಾಗುತ್ತವೆ. ನಮ್ಮ ಮನೆಯವರು ಯಾವ ಕುರಿಯ ಮುಖ ತೋರಿಸಿದರೂ ಅದರ ತಾಯಿ, ಅಜ್ಜಿ, ಅಜ್ಜಿಯ ತಾಯಿ ತನಕ ಹೇಳುತ್ತಿದ್ದರು. ಮನೆಯಲ್ಲಿ ಬಾಟಲಿ ಹಾಲು ಕುಡಿಸಿ ಬೆಳೆಸಿದ ಕೆಲವು ಮಾತ್ರ ನನಗೆ ಗೊತ್ತು. ಉಳಿದವೆಲ್ಲ ನಾನು ಹತ್ತಲಾಗದ ವರ್ಷಗಳಲ್ಲಿ ಇಲ್ಲಿ ಮೇಲೆ ಹುಟ್ಟಿದವು.

“ಗೊತ್ತಿಲ್ಲಪ್ಪ” ಎಂದೆ.

ಅವನು ಮರಿಯನ್ನು ತಾಯಿಯ ಹತ್ತಿರ ಬಿಟ್ಟ. ಹಿಂಡು ಪೂರ್ತಿ ಇದೆ. ಯಾವುದು ಯಾವುದರ ಮಗಳು ಎಂದು ಹೇಳುವವರು ಇಲ್ಲ.